ಬೆದರುವ ನಾಯಿಗೆ ಮೊದಲು ಜಾಗ ಕೊಡಿ

ಪ್ರಶ್ನೆ: ನಾವು ಧಾರವಾಡದ ಮಾಳಮಡ್ಡಿಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ಜಿಟಿಜಿಟಿ ಮಳೆಯಲ್ಲಿ ಓಣಿಯ ಗಟಾರದ ಪಕ್ಕ ಸಿಕ್ಕ ಐದು ತಿಂಗಳ ಹೆಣ್ಣುಮರಿಯನ್ನು ತಂದು ಸಾಕಿದೆವು. ಹೆಸರು ಬೆಳ್ಳಿ. ಮನೆಯೊಳಗೆ ಅವಳಷ್ಟು ಪಾಪದ ನಾಯಿ ಇನ್ನೊಂದಿಲ್ಲ, ಆರು ವರ್ಷದ ನನ್ನ ಮಗಳನ್ನು ಬಿಟ್ಟು ಕದಲುವುದಿಲ್ಲ. ಆದರೆ ಅಡ್ಡಾಡಿಸಲು ಹೊರಗೆ ಕರೆದೊಯ್ದರೆ ಬೇರೆ ನಾಯಿ, ಹೆಲ್ಮೆಟ್ ಹಾಕಿದವರು, ಕೈಯಲ್ಲಿ ಕೋಲಿರುವ ಅಜ್ಜಂದಿರು, ಯಾರನ್ನು ಕಂಡರೂ ಹಿಂಗಾಲ ಮೇಲೆ ಎದ್ದು ನಿಂತು ಹಗ್ಗ ಜಗ್ಗಿ ಬೊಗಳುತ್ತಾಳೆ. ಒಬ್ಬರು ಹೇಳಿದರೆಂದು ಜಗ್ಗಿದರೆ ಕೊರಳು ಬಿಗಿಯುವ ಚೋಕ್ ಚೈನ್ ಹಾಕಿದೆವು, ಇನ್ನೂ ಹೆಚ್ಚಾಯಿತು. ಕಳೆದ ತಿಂಗಳು ತಡೆಯಲು ಹೋದ ನನ್ನ ಕೈಗೇ ಹಲ್ಲು ತಾಗಿತು. ಈಚೆಗೆ ಬಲಗಿವಿ ಕೆರೆದುಕೊಳ್ಳುತ್ತಾಳೆ, ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುತ್ತಾಳೆ. ಆಜೂಬಾಜೂ ಮಂದಿ ಹುಚ್ಚುನಾಯಿ ಎನ್ನುತ್ತಾರೆ. ಅತ್ತೆಯವರು ‘ಎಲ್ಲ್ಯರ ಹಳ್ಳಿಗೆ ಬಿಟ್ಟು ಬರೋಣು’ ಎನ್ನುತ್ತಿದ್ದಾರೆ. ಇದು ನನ್ನ ತಪ್ಪೇ? ಬೆಳ್ಳಿ ಎಂದಾದರೂ ಸರಿಹೋಗುತ್ತಾಳೆಯೇ?

ಉತ್ತರ: ಮೊದಲು ನಿಮ್ಮ ಕೈಯ ಮಾತು. ಕಚ್ಚಿದ ನಾಯಿ ಹತ್ತು ದಿನ ಗಟ್ಟಿಮುಟ್ಟಾಗಿ ಉಂಡು ಆಡಿಕೊಂಡಿದ್ದರೆ ಆ ಕಡಿತದಿಂದ ರೇಬೀಸ್ ತಗುಲಿಲ್ಲ ಎಂದು ಲೆಕ್ಕ. ತಿಂಗಳು ಕಳೆದರೂ ಬೆಳ್ಳಿ ಚೆನ್ನಾಗಿದ್ದಾಳೆ, ಆ ಭಯ ಬಿಡಿ. ಆದರೆ ಮುಂದೆ ಯಾರಿಗೇ ಹಲ್ಲು ತಾಗಿದರೂ ಹತ್ತು ದಿನ ಕಾದು ನೋಡೋಣ ಎಂದು ಕೂರಬೇಡಿ. ನಳದ ನೀರು ಬಿಟ್ಟುಕೊಂಡು ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಷಿಣ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬಾರದು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಬೆಳ್ಳಿಗೆ ವರ್ಷಾವರ್ಷ ಕೊಡಿಸುವ ರೇಬೀಸ್ ಲಸಿಕೆ ಒಂದು ದಿನವೂ ತಪ್ಪದಿರಲಿ.

ಎರಡನೆಯದು ಅವಳ ಕಿವಿ. ನಿಮ್ಮ ಪತ್ರದ ಕೊನೆಗೆ, ಬೊಗಳುವ ಸಂಗತಿಯೆಲ್ಲ ಹೇಳಿ ಮುಗಿಸಿದ ಮೇಲೆ, ಅದನ್ನು ಬರೆದಿದ್ದೀರಿ. ನನಗೆ ಅದೇ ಮೊದಲು ಕಣ್ಣಿಗೆ ಬಿತ್ತು. ನಡವಳಿಕೆ ಕೆಟ್ಟಿತು ಎಂದು ಯಾವ ನಾಯಿಯನ್ನು ಕರೆತಂದರೂ ನಾನು ಮೊದಲು ಹುಡುಕುವುದು ನೋವನ್ನು. ಹುಬ್ಬಳ್ಳಿಯ ಕೇಶ್ವಾಪುರದಿಂದ ಒಮ್ಮೆ ಒಂದು ಲ್ಯಾಬ್ರಡಾರ್ ಬಂದಿತ್ತು. ಏಳು ವರ್ಷ ಯಾರಿಗೂ ಗುರ್ ಎನ್ನದ ನಾಯಿ, ಮಕ್ಕಳು ತಲೆ ಸವರಲು ಬಂದರೆ ಹಲ್ಲು ಕಿರಿಯಲು ಶುರುಮಾಡಿತ್ತು. ಮನೆಯವರಿಗೆ ದಿಕ್ಕು ತೋಚಿರಲಿಲ್ಲ. ದೀಪ ಹಿಡಿದು ಕಿವಿಯೊಳಗೆ ನೋಡಿದರೆ ಕೆಂಪಗೆ ಬಾತುಕೊಂಡು, ತಳದಲ್ಲಿ ಕಂದುಬಣ್ಣದ ಜಿಗುಟು ಕಟ್ಟಿತ್ತು. ತಲೆ ಮುಟ್ಟಿದರೆ ಅದಕ್ಕೆ ಬೆಂಕಿ ಮುಟ್ಟಿದಂತಾಗುತ್ತಿತ್ತು. ಮೂರು ವಾರ ಔಷಧಿ ಹಾಕಿದ ಮೇಲೆ ಅದೇ ಹಳೆಯ ನಾಯಿ ವಾಪಸ್ ಬಂತು. ಬೆಳ್ಳಿಯ ಕಥೆ ಇಷ್ಟು ಸರಳವಿರಲಿಕ್ಕಿಲ್ಲ, ಅವಳ ಅಂಜಿಕೆ ಕಿವಿನೋವಿಗಿಂತ ಹಳೆಯದು. ಆದರೆ ನೋಯುತ್ತಿರುವ ನಾಯಿಗೆ ತಾಳ್ಮೆ ಕಲಿಸಲು ಆಗುವುದಿಲ್ಲ. ಮೆಟ್ಟಿಲಿಗೆ ಹಿಂಜರಿಯುವುದೂ ಸುಮ್ಮನೆ ಅಲ್ಲ: ಸೊಂಟ, ಮೊಣಕಾಲು, ಬೆನ್ನುಮೂಳೆ ನೋಡಬೇಕು. ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ ಕೀಲು ಹಿಡಿಯುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಧಾರವಾಡದಲ್ಲಿ ಆಗದ ಪರೀಕ್ಷೆಯಿದ್ದರೆ ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆ ಮಾತ್ರ ಕೊಡಬೇಡಿ. ನಾಯಿಯ ಹೊಟ್ಟೆ, ಯಕೃತ್ತು, ಮೂತ್ರಪಿಂಡಕ್ಕೆ ಅವು ವಿಷವಾಗಬಲ್ಲವು.

ಈಗ ಬೊಗಳುವ ಮಾತಿಗೆ ಬರೋಣ. ಇಂಥ ನಾಯಿಗಳನ್ನು ಈಗ ಎಲ್ಲರೂ ರಿಯಾಕ್ಟಿವ್ ಎನ್ನುತ್ತಾರೆ. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಮಾತಿದೆ, ಬೆದರುವುದು. ಲಾರಿ ಹಾರ್ನ್ ಕೇಳಿ ನೊಗ ಕಿತ್ತುಕೊಂಡು ಓಡುವ ಎತ್ತನ್ನು ನಮ್ಮ ರೈತರು ‘ಬೆದರ್ತೈತ್ರಿ’ ಎನ್ನುತ್ತಾರೆ, ‘ಸೊಕ್ಕು ಬಂದೈತಿ’ ಎನ್ನುವುದಿಲ್ಲ. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಸುತ್ತಮುತ್ತ ಹೋರಿ ಬೆದರಿಸುವ ಆಟ ನಡೆಯುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಕೊಬ್ಬರಿ ಹಾರ ಕಟ್ಟಿದ ಹೋರಿ ಮಂದಿಯ ಗದ್ದಲಕ್ಕೆ ಬೆದರಿ ಬಾಣದಂತೆ ಓಡುತ್ತದೆ. ಓಡಲು ಅದರ ಮುಂದೆ ದಾರಿಯಿದೆ. ದಾರಿ ಕಟ್ಟಿದರೆ ಅದೇ ಹೋರಿ ಹಾಯಲು ಬರುತ್ತದೆ.

ಬೆಳ್ಳಿಯ ಕೊರಳ ಹಗ್ಗ ಮಾಡುವುದು ಅದನ್ನೇ. ಹೆದರಿದ ಪ್ರಾಣಿ ಮೊದಲು ದೂರ ಹೋಗಲು ನೋಡುತ್ತದೆ. ಹಗ್ಗದಲ್ಲಿ ಕಟ್ಟಿದ ನಾಯಿಗೆ ಆ ದಾರಿ ಇಲ್ಲ. ಉಳಿದದ್ದು ಒಂದೇ, ಎದುರಿನವರನ್ನು ದೂರ ಕಳಿಸುವುದು. ಬೊಗಳಿ, ಹಾರಿ, ಹಲ್ಲು ತೋರಿಸಿದರೆ ಹೆಲ್ಮೆಟ್ಟಿನವನು ಗಾಡಿ ಓಡಿಸಿಕೊಂಡು ಹೋಗಿಯೇ ಹೋಗುತ್ತಾನೆ. ಅವನು ಹೇಗೂ ಹೋಗುವವನೇ ಇದ್ದ ಎಂಬುದು ನಮಗೆ ಗೊತ್ತು. ಬೆಳ್ಳಿಯ ಲೆಕ್ಕದಲ್ಲಿ ಅವನನ್ನು ಓಡಿಸಿದ್ದು ಅವಳ ಬೊಗಳು. ದಿನಕ್ಕೆ ಹತ್ತು ಸಲ ಈ ಪಾಠ ಅವಳಿಗೆ ಆಗುತ್ತಿದೆ. ನಿಮ್ಮ ಕೈಗೆ ಹಲ್ಲು ತಾಗಿದ್ದೂ ಅಂಥದೇ ಗಳಿಗೆಯಲ್ಲಿ. ಆ ಮಟ್ಟಕ್ಕೆ ಏರಿದ ನಾಯಿಗೆ ಬದಿಯಿಂದ ಬಂದ ಕೈ ಯಾರದೆಂಬ ಎಚ್ಚರ ಇರುವುದಿಲ್ಲ. ಅವಳು ನಿಮ್ಮನ್ನು ಕಚ್ಚಿದಳು ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಇನ್ನು ಮುಂದೆ ಅವಳು ಹಾರುತ್ತಿರುವಾಗ ಕೊರಳಪಟ್ಟಿಗೆ ಕೈ ಹಾಕಲೂಬೇಡಿ. ಹಗ್ಗ ಹಿಡಿದುಕೊಂಡೇ ಹಿಂದಕ್ಕೆ ಸರಿಯಿರಿ.

ಇನ್ನೊಂದು ಸಂಗತಿ ಮನೆಮಂದಿಗೆಲ್ಲ ತಿಳಿದಿರಬೇಕು. ‘ನಿನ್ನೆ ಇದೇ ನಾಯಿಯನ್ನ ನೋಡಿ ಸುಮ್ಮನಿದ್ದಳು, ಇವತ್ತು ಏನಾತು?’ ಎಂದು ಎಲ್ಲರೂ ಕೇಳುತ್ತಾರೆ. ಒಲೆಯ ಮೇಲಿನ ಹಾಲು ಕಡೆಯ ಕ್ಷಣದಲ್ಲಿ ಉಕ್ಕುತ್ತದೆ, ಆದರೆ ಕಾಯ್ದದ್ದು ಆಗಿನಿಂದ. ಬೆಳಿಗ್ಗೆ ಹಾಲಿನವನ ಗಾಡಿ, ಆಮೇಲೆ ಸ್ಕೂಲ್ ವ್ಯಾನಿನ ಹಾರ್ನ್, ಮಧ್ಯಾಹ್ನ ಗೇಟಿನ ಬಳಿ ಕೊರಿಯರ್ ಹುಡುಗ, ಹಿಂದಿನ ಮನೆಯಲ್ಲಿ ಟೈಲ್ಸ್ ಕೊಯ್ಯುವ ಸದ್ದು. ಪ್ರತಿಯೊಂದಕ್ಕೂ ಅವಳೊಳಗೆ ಒಂದಿಷ್ಟು ಕಾವು ಏರಿದೆ. ಸಂಜೆ ಎದುರಿಗೆ ಬಂದ ಪಾಪದ ಪಾಮೆರೇನಿಯನ್ ಮೇಲೆ ಅದೆಲ್ಲ ಉಕ್ಕಿತು. ಒಮ್ಮೆ ಏರಿದ ಒತ್ತಡ ದೇಹದಿಂದ ಕೂಡಲೇ ಇಳಿಯುವುದೂ ಇಲ್ಲ. ದೊಡ್ಡ ಗಲಾಟೆಯಾದ ಮರುದಿನ, ಬೇಕಾದರೆ ಅದರ ಮರುದಿನವೂ, ಬೀದಿಗೆ ಕರೆದೊಯ್ಯಬೇಡಿ. ಹಿತ್ತಲಲ್ಲೋ ಮಾಳಿಗೆಯ ಮೇಲೋ ಎರಡಕ್ಕೆ ಬಿಡಿಸಿ, ಹಳೆಯ ಚಾದರಿನ ಮಡಿಕೆಗಳಲ್ಲಿ ತಿನಿಸು ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಅವಳಿಗೆ ಅಷ್ಟೇ ಸಾಕು. ದಿನಕ್ಕೆ ಎರಡು ಸಲ ಅಡ್ಡಾಡಿಸದಿದ್ದರೆ ಪಾಪ ಬರುತ್ತದೆ ಎಂದೇನಿಲ್ಲ.

ಚೋಕ್ ಚೈನನ್ನು ಇವತ್ತೇ ತೆಗೆದಿಡಿ. ಬೇರೆ ನಾಯಿ ಕಂಡಾಗಲೆಲ್ಲ ಕೊರಳು ಬಿಗಿದು ನೋಯುತ್ತದೆ ಎಂದರೆ, ಬೆಳ್ಳಿ ಕಲಿಯುವುದು ‘ನಾಯಿ ಬಂತು, ನೋವೂ ಬಂತು’ ಎಂಬುದನ್ನೇ. ಅಂಜಿಕೆಗೆ ಈಗ ಸಾಕ್ಷಿಯೂ ಸಿಕ್ಕಿತು. ಇದನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ವೃತ್ತಿಗೆ ಬಂದ ಹೊಸತರಲ್ಲಿ ನಮ್ಮ ಮನೆಯಲ್ಲಿ ಮುಧೋಳ ತಳಿಯ ಗಂಡುನಾಯಿ ಇತ್ತು, ಹೆಸರು ಬಾಣ. ಅಪರಿಚಿತರು ಹತ್ತಿರ ಬಂದರೆ ಗಂಟಲಲ್ಲೇ ಗುರ್ ಎನ್ನುತ್ತಿತ್ತು. ಆಗ ನಮಗೆಲ್ಲ ತಿಳಿದಿದ್ದ ವಿದ್ಯೆಯಂತೆ ಪೇಪರ್ ಸುರುಳಿ ಸುತ್ತಿ ಮೂತಿಗೆ ಹೊಡೆದೆ. ಎರಡು ತಿಂಗಳಲ್ಲಿ ಗುರ್ ಎನ್ನುವುದು ನಿಂತಿತು. ಎಲ್ಲರೂ ಹೊಗಳಿದರು. ಒಂದು ದಿನ ಅಂಗಳದಲ್ಲಿ ನಮ್ಮ ಸೋದರಮಾವ ಅದರ ಬೆನ್ನ ಮೇಲೆ ಕೈಯಿಟ್ಟು ನನ್ನ ಜೊತೆ ಮಾತಾಡುತ್ತಿದ್ದರು. ಬಾಣ ತುಟಿ ನೆಕ್ಕಿತು, ಮುಖ ಆಚೆ ತಿರುಗಿಸಿತು, ಕಣ್ಣಂಚಿನ ಬಿಳಿ ಕಾಣಿಸಿತು, ಮೈ ಕಲ್ಲಿನಂತಾಯಿತು. ಇವತ್ತಿಗೂ ಆ ನಾಲ್ಕೂ ನನ್ನ ಕಣ್ಣ ಮುಂದಿವೆ. ಅವತ್ತು ಅವು ಏನು ಹೇಳುತ್ತಿವೆ ಎಂದು ನನಗೆ ತಿಳಿದಿರಲಿಲ್ಲ. ಸದ್ದೇ ಇಲ್ಲದೆ ಮಾವನ ಮುಂಗೈ ಹರಿಯಿತು. ಏಳು ಹೊಲಿಗೆ. ಅದು ಎಚ್ಚರಿಸದೆ ಕಚ್ಚಿತು ಎಂದು ಮನೆಯಲ್ಲಿ ಎಲ್ಲರೂ ಅಂದರು. ಎಚ್ಚರಿಸುವ ಬಾಯನ್ನು ಹೊಡೆದು ಮುಚ್ಚಿಸಿದ್ದು ನಾನು. ಗುರ್ ಎನ್ನುವುದು ನಾಯಿಯ ಮರ್ಯಾದೆಯ ಮಾತು, ‘ಸ್ವಲ್ಪ ದೂರ ಇರ್ರಿ’ ಎಂದಷ್ಟೇ ಅದರ ಅರ್ಥ. ಬೆಳ್ಳಿ ಗುರ್ ಎಂದರೆ ಗದರಬೇಡಿ. ಅವಳನ್ನು ಕರೆದುಕೊಂಡು ಅಲ್ಲಿಂದ ಸರಿಯಿರಿ.

ಆ ನಾಲ್ಕು ಗುರುತುಗಳನ್ನು ನಿಮ್ಮ ಮಗಳಿಗೂ ಕಲಿಸಿ. ಮಕ್ಕಳು ಬೇಗ ಹಿಡಿಯುತ್ತಾರೆ. ನಿದ್ದೆ ಬರದೆ ಆಕಳಿಸುವುದು, ಒದ್ದೆಯಾಗದೆ ಮೈ ಕೊಡವುವುದು ಕೂಡ ಅಂಥವೇ.

ಇನ್ನು ನಿಜವಾದ ಕೆಲಸ. ಬೆಳ್ಳಿಗೆ ಸದ್ಯ ಬೇಕಾಗಿರುವ ಔಷಧಿ ಒಂದೇ, ಜಾಗ. ಪ್ರತಿ ನಾಯಿಗೂ ಒಂದು ಗೆರೆ ಇರುತ್ತದೆ. ಆ ಗೆರೆಯಾಚೆ ಬೇರೆ ನಾಯಿ ಇದ್ದರೆ ಅದು ನೋಡುತ್ತದೆ, ಕಿವಿ ನಿಮಿರಿಸುತ್ತದೆ, ಆದರೂ ನೀವು ಕರೆದರೆ ತಿರುಗುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ. ಗೆರೆ ದಾಟಿ ಹತ್ತಿರ ಬಂದರೆ ಪ್ರಾಣದಂತೆ ತಿನ್ನುತ್ತಿದ್ದ ಕೋಳಿ ತುಂಡೂ ಮಣ್ಣಿಗೆ ಸಮ. ಈ ಗೆರೆ ಎಲ್ಲಿದೆ ಎಂದು ಮೊದಲು ಕಂಡುಕೊಳ್ಳಿ. ಹೆಜ್ಜೆಯಲ್ಲಿ ಅಳೆಯಿರಿ. ನಾಯಿಗಾದರೆ ನಲವತ್ತು, ಹೆಲ್ಮೆಟ್ಟಿಗಾದರೆ ಇಪ್ಪತ್ತು, ಕೋಲಿಗಾದರೆ ಮೂವತ್ತು, ಹೀಗೆ ಬೇರೆಬೇರೆ ಇರಬಹುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಆ ಅಂಕಿ ಬರೆದಿಡಿ.

ಆ ಗೆರೆಯಾಚೆ ನಿಂತು ಮಾಡುವ ಅಭ್ಯಾಸ ನೋಡಲು ಬಹಳ ಸಣ್ಣದು. ಬೇಯಿಸಿದ ಕೋಳಿಯನ್ನು ಶೇಂಗಾಬೀಜದ ಗಾತ್ರಕ್ಕೆ ಹರಿದು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾಂಸ ನಡೆಯದಿದ್ದರೆ ಪನೀರ್ ಆದೀತು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಹತ್ತಿರ ಬರಬಾರದು. ಪೇಢೆಯೂ ಬೇಡ, ಅಷ್ಟು ಸಕ್ಕರೆ ಅವಳಿಗೆ ಒಳ್ಳೆಯದಲ್ಲ. ಬೆಳ್ಳಿಯ ಜೊತೆ ಸುಮ್ಮನೆ ನಿಲ್ಲಿ. ದೂರದಲ್ಲಿ ಒಂದು ನಾಯಿ ಕಾಣಿಸಿಕೊಂಡಿತು. ನೀವು ಏನೂ ಮಾಡಬೇಡಿ. ಬೆಳ್ಳಿ ಅದನ್ನು ನೋಡಲಿ. ನೋಡಿದಳೇ? ಈಗ ಒಂದು ತುಂಡು ಬಾಯಿಗೆ. ಮತ್ತೆ ನೋಡಿದಳೇ? ಮತ್ತೊಂದು. ಆ ನಾಯಿ ಮೂಲೆ ತಿರುಗಿ ಮರೆಯಾಯಿತು, ನಿಮ್ಮ ಕೈಯೂ ನಿಂತಿತು. ಈ ಕ್ರಮ ಮುಖ್ಯ: ಮೊದಲು ನಾಯಿ, ಆಮೇಲೆ ತಿನಿಸು. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ದೂರದಲ್ಲಿ ನಾಯಿ ಕಂಡೊಡನೆ ತಾವೇ ಗಾಬರಿಯಾಗಿ ಚೀಲಕ್ಕೆ ಕೈ ಹಾಕಿ ಬೆಳ್ಳಿಯ ಮೂಗಿಗೆ ಹಿಡಿಯುತ್ತಾರೆ. ಆಗ ಅವಳು ಕಲಿಯುವುದು ಉಲ್ಟಾ: ಚೀಲ ತೆರೆದರೆ ಎಲ್ಲೋ ಅಪಾಯವಿದೆ ಎಂದು. ಗಂಟೆ ಬಾರಿಸಿ ಆಮೇಲೆ ಊಟ ಕೊಟ್ಟರೆ ಗಂಟೆಗೇ ಜೊಲ್ಲು ಸುರಿಯುತ್ತದೆ. ಊಟ ಕೊಟ್ಟು ಆಮೇಲೆ ಗಂಟೆ ಬಾರಿಸಿದರೆ ಏನೂ ಆಗುವುದಿಲ್ಲ. 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಕೆಲಸದಿಂದ ನಮಗೆ ಸಿಕ್ಕ ತಿಳಿವು ಇದೇ.

ಹೀಗೆ ಕೆಲವು ವಾರ ನಡೆದ ಮೇಲೆ ಒಂದು ದಿನ ಬೆಳ್ಳಿ ದೂರದ ನಾಯಿಯನ್ನು ನೋಡಿ, ತಾನಾಗಿಯೇ ತಲೆ ತಿರುಗಿಸಿ ನಿಮ್ಮ ಮುಖ ನೋಡುತ್ತಾಳೆ. ‘ಬಂತಲ್ಲ, ಎಲ್ಲಿ ನನ್ನ ತುಂಡು?’ ಎಂಬಂತೆ. ಆ ಒಂದು ನೋಟಕ್ಕಾಗಿ ಕಾಯಿರಿ. ಅದು ಮೂರು ದಿನ ತಪ್ಪದೆ ಬಂದರೆ ಮಾತ್ರ ಎರಡು ಹೆಜ್ಜೆ ಹತ್ತಿರ ಹೋಗಿ. ಎರಡೇ. ಇವತ್ತು ಚೆನ್ನಾಗಿದ್ದಾಳೆ ಎಂದು ಹತ್ತು ಹೆಜ್ಜೆ ನುಗ್ಗಿದರೆ ತಿಂಗಳ ಕೆಲಸ ಒಂದು ಸಂಜೆಗೆ ಹೋಗುತ್ತದೆ.

‘ಬೊಗಳೋ ನಾಯಿಗೆ ತಿನ್ನಾಕ ಕೊಟ್ರ ಬೊಗಳೂದನ್ನ ಕಲಿಸಿದಂಗ ಆಗೂದಿಲ್ಲೇನ್ರಿ?’ ಎಂದು ನಿಮ್ಮ ಅತ್ತೆಯವರು ಖಂಡಿತ ಕೇಳುತ್ತಾರೆ. ಎಲ್ಲರ ಮನೆಯಲ್ಲೂ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಗುಡುಗಿಗೆ ಅಂಜಿದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲ ಕೊಟ್ಟರೆ ಅದಕ್ಕೆ ಅಂಜಿಕೆ ಹೆಚ್ಚುವುದಿಲ್ಲ, ಗುಡುಗು ಅಷ್ಟು ಕೆಟ್ಟದ್ದಲ್ಲ ಎನಿಸುತ್ತದೆ. ಅಂಜಿಕೆ ಇಳಿದರೆ ಬೊಗಳುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಇದಕ್ಕೆಲ್ಲ ಎರಡು ಸಾಮಾನು ಬೇಕು: ಎದೆಯ ಮೇಲೆ ಕೂರುವ, ಕೊರಳನ್ನು ಒತ್ತದ ಒಂದು ಹಾರ್ನೆಸ್, ಮತ್ತು ಎರಡು ಮೀಟರಿನ ಗಟ್ಟಿ ಹಗ್ಗ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಜೊತೆಗೆ ಒಂದು ಮಾತು ಕಲಿಸಿ, ‘ಹೊಳ್ಳು’. ನಮ್ಮ ಮಾತಿನಲ್ಲೇ ಇರಲಿ, ಗಾಬರಿಯಲ್ಲಿ ಬಾಯಿಗೆ ಬರುವುದು ಅದೇ. ಮನೆಯ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದು, ಹಬ್ಬದ ದನಿಯಲ್ಲಿ ‘ಹೊಳ್ಳು!’ ಎಂದು ತಿರುಗಿ ಬೇಗ ಬೇಗ ನಡೆಯಿರಿ, ಹಿಂದೆ ಬಂದವಳಿಗೆ ತುಂಡು ಕೊಡಿ. ದಿನಕ್ಕೆ ಹತ್ತು ಸಲ, ಎರಡು ವಾರ. ಆಮೇಲೆ ಅಂಗಳದಲ್ಲಿ, ಆಮೇಲೆ ಓಣಿಯಲ್ಲಿ. ಮೂಲೆ ತಿರುಗಿದೊಡನೆ ಎದುರಿಗೇ ಲ್ಯಾಬ್ರಡಾರ್ ಹಿಡಿದವರು ಬಂದರೆ ನಿಮ್ಮನ್ನು ಕಾಯುವುದು ಈ ಒಂದು ಮಾತು. ಆ ಹೊತ್ತಿನಲ್ಲಿ ‘ಸುಮ್ನಿರು, ಏನೂ ಮಾಡಂಗಿಲ್ಲ ಅದು’ ಎಂದು ಅಲ್ಲೇ ನಿಂತು ಬುದ್ಧಿ ಹೇಳಬೇಡಿ. ಹಗ್ಗ ಬಿಗಿಯದೆ ಹೊಳ್ಳಿ ಹೋಗಿ.

ಎಲ್ಲಿ ಅಡ್ಡಾಡಿಸುವುದು ಎಂಬುದು ನಮ್ಮ ಊರಲ್ಲಿ ದೊಡ್ಡ ಪ್ರಶ್ನೆ. ಬೆಳಿಗ್ಗೆ ಆರಕ್ಕೆ ಕೆಲಗೇರಿ ಕೆರೆಯ ದಂಡೆಗೆ ಒಯ್ಯಬೇಡಿ. ಸಾಧನಕೇರಿಯ ಕಡೆಗೂ ಬೇಡ, ಹುಬ್ಬಳ್ಳಿಯವರಾದರೆ ಉಣಕಲ್ ಕೆರೆಗೂ ಬೇಡ. ವಾಕಿಂಗ್ ಮಾಡುವವರು ಸಾಲುಗಟ್ಟಿ ಬರುವ ಕಿರಿದಾದ ದಾರಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ನನಗೆ ಬಹಳ ಉಪಯೋಗಕ್ಕೆ ಬಂದದ್ದು ಊರ ಹೊರಗಿನ ಹೊಸ ಲೇಔಟ್‌ಗಳು. ಡಾಂಬರು ರಸ್ತೆ ಆಗಿರುತ್ತದೆ, ಕಂಬ ನೆಟ್ಟಿರುತ್ತಾರೆ, ಮನೆ ಮಾತ್ರ ಅಲ್ಲೊಂದು ಇಲ್ಲೊಂದು. ಮುಕ್ಕಾಲು ಕಿಲೋಮೀಟರ್ ದೂರದ ನಾಯಿಯೂ ಕಾಣುತ್ತದೆ, ತಿರುಗಲು ನಾಲ್ಕು ದಿಕ್ಕಿಗೂ ದಾರಿ ಇರುತ್ತದೆ. ವಾರಕ್ಕೆ ಎರಡು ದಿನ ಗಾಡಿಯಲ್ಲಿ ಅಲ್ಲಿಗೆ ಒಯ್ದರೂ ಸಾಕು. ಸುಗ್ಗಿ ಮುಗಿದ ಮೇಲೆ, ಹೊಲದವರನ್ನು ಕೇಳಿಕೊಂಡು, ಖಾಲಿ ಎರೆಹೊಲದ ಬದುವಿನಲ್ಲಿ ಹತ್ತು ಮೀಟರಿನ ಉದ್ದ ಹಗ್ಗ ಹಾಕಿ ಬಿಡಿ. ಎಲ್ಲಿಗೂ ಹೋಗುವ ಅವಸರವಿಲ್ಲದೆ ಅರ್ಧ ಗಂಟೆ ಮೂಸಲು ಸಿಕ್ಕ ನಾಯಿ ಮನೆಗೆ ಬಂದು ಮಲಗುವ ರೀತಿಯೇ ಬೇರೆ.

ಓಣಿಯ ನಾಯಿಗಳ ಬಗ್ಗೆ ಸ್ವಲ್ಪ ಹೇಳಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮುಗಿದ ಓಣಿನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ಕಿವಿಯ ತುದಿಗೆ ಕಚ್ಚು ಹಾಕಿದ್ದರೆ ಅದಕ್ಕೆ ಆಪರೇಷನ್ ಆಗಿದೆ ಎಂದು ಗುರುತು. ಹಾಗಾಗಿ ಅವುಗಳನ್ನು ಓಡಿಸುವ ಲೆಕ್ಕ ಬಿಟ್ಟು ಅವುಗಳ ದಿನಚರಿ ಕಲಿಯಿರಿ. ಯಾವ ಗುಂಪು ಯಾವ ಕಂಬದಿಂದ ಯಾವ ಕಂಬದವರೆಗೆ, ಯಾವ ಹೊತ್ತಿಗೆ ಮಲಗುತ್ತವೆ, ಯಾರು ಎಲ್ಲಿ ಅನ್ನ ಹಾಕುತ್ತಾರೆ. ಒಂದು ವಾರ ಬೆಳ್ಳಿಯನ್ನು ಮನೆಯಲ್ಲೇ ಬಿಟ್ಟು ನೀವೊಬ್ಬರೇ ಬೇರೆಬೇರೆ ಹೊತ್ತಿನಲ್ಲಿ ಓಣಿ ಸುತ್ತಿ ನೋಡಿ. ಯಾವ ಹೊತ್ತಿಗೆ ದಾರಿ ಖಾಲಿ ಎಂದು ತಿಳಿದೀತು. ಒಂದು ನಾಯಿ ಬೆನ್ನಟ್ಟಿ ಬಂದೇಬಿಟ್ಟರೆ ಓಡಬೇಡಿ. ಬೆಳ್ಳಿಯನ್ನು ಹಿಂದೆ ಮಾಡಿಕೊಂಡು, ಒಂದು ಮುಷ್ಟಿ ತಿನಿಸನ್ನು ಆ ನಾಯಿಯ ಆಚೆಗೆ ಎರಚಿ, ಅದು ಹುಡುಕಿ ತಿನ್ನುವಷ್ಟರಲ್ಲಿ ಸರಿದು ಹೋಗಿ. ಕಲ್ಲು ಎತ್ತಿದರೆ ಬೆಳ್ಳಿಯ ಎದುರೇ ಯುದ್ಧ ಘೋಷಿಸಿದಂತೆ.

ಮನೆಯೊಳಗೆ ಮಾಡಬೇಕಾದದ್ದು ಸುಲಭ, ಖರ್ಚೂ ಕಡಿಮೆ. ನಿಮ್ಮ ಗೇಟು ಸರಳಿನದಾದರೆ ಕೆಳಗಿನ ಅರ್ಧಕ್ಕೆ ತಗಡೋ ಹಸಿರು ಶೇಡ್‌ನೆಟ್ಟೋ ಕಟ್ಟಿ. ಇಡೀ ದಿನ ಸರಳಿನ ಸಂದಿಯಿಂದ ಹೋಗಿಬರುವವರಿಗೆಲ್ಲ ಬೊಗಳಿ ‘ಓಡಿಸುವ’ ನಾಯಿಗೆ ಸಂಜೆಯ ಹೊತ್ತಿಗೆ ಹಾಲು ಕೊತಕೊತ ಕುದಿಯುತ್ತಿರುತ್ತದೆ. ಬೀಗರು, ನೆಂಟರು ಬಂದಾಗ ಬೆಳ್ಳಿ ಒಳಕೋಣೆಯಲ್ಲಿರಲಿ, ಅಗಿಯಲು ಏನಾದರೂ ಕೊಡಿ. ‘ಏ ಬಾ ಬಾ, ನಾಯಿ ಅಂದ್ರ ನಮಗೇನ್ ಅಂಜಿಕಿಲ್ಲ’ ಎಂದು ಕೈ ಚಾಚುವವರನ್ನು ತಡೆಯಲು ಸಂಕೋಚ ಪಡಬೇಡಿ. ಅಂಜಿಕೆ ಇರುವುದು ಅವರಿಗಲ್ಲ, ಅವಳಿಗೆ. ನಿಮ್ಮ ಮಗಳು ಮತ್ತು ಬೆಳ್ಳಿ ಎಷ್ಟೇ ಜೀವದ ಗೆಳತಿಯರಾದರೂ ದೊಡ್ಡವರ ಕಣ್ಣಿಲ್ಲದೆ ಒಟ್ಟಿಗೆ ಬಿಡಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು, ಹೊರಗೆ ಹಗ್ಗ ಮಗುವಿನ ಕೈಯಲ್ಲಿ ಇರಬಾರದು. ಕಿವಿನೋವು ವಾಸಿಯಾಗುವವರೆಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅತ್ತೆಯವರಿಗೆ ಒಂದು ಕೆಲಸ ಒಪ್ಪಿಸಿ ನೋಡಿ. ಹಾಲಿನವನ ಗಾಡಿ ಸದ್ದಾದಾಗ ಬೆಳ್ಳಿಗೆ ಬಿಸಿ ರೊಟ್ಟಿಯ ನಾಲ್ಕು ಚೂರು ಹಾಕುವುದು ಅವರ ಪಾಲಿನದು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ನಾಯಿಗೆ ಬಹಳ ವಿರೋಧವಿದ್ದ ಹಿರಿಯರೇ ಈ ಅಭ್ಯಾಸವನ್ನು ಎಲ್ಲರಿಗಿಂತ ಕರಾರುವಾಕ್ಕಾಗಿ ಮಾಡಿದ್ದಾರೆ. ಅವರಿಗೆ ಹೊತ್ತೂ ಇರುತ್ತದೆ, ಹೊತ್ತಿನ ಶಿಸ್ತೂ ಇರುತ್ತದೆ.

ಬಾಯಿಗೆ ಬುಟ್ಟಿ ಹಾಕುವ ಅಭ್ಯಾಸವನ್ನೂ ಈಗಿನಿಂದ ಶುರುಮಾಡಿ. ಮಂದಿ ಇದನ್ನು ಶಿಕ್ಷೆ ಎಂದುಕೊಂಡಿದ್ದಾರೆ. ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಬುಟ್ಟಿ ಕಟ್ಟುವುದು ಬೆಳೆಗೆ ಬಾಯಿ ಹಾಕದಿರಲಿ ಎಂದು, ಎತ್ತಿನ ಮೇಲಿನ ಸಿಟ್ಟಿಗಲ್ಲ. ಬಟ್ಟೆಯಿಂದ ಬಾಯಿ ಬಿಗಿಯುವ ಪಟ್ಟಿ ಬೇಡ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಬಾಯಿ ತೆರೆಯಲು, ನೀರು ಕುಡಿಯಲು ಆಗುವ ಬುಟ್ಟಿಯಂಥದ್ದು ತನ್ನಿ. ಒಳಗೆ ಪನೀರ್ ಸವರಿ ಹಿಡಿಯಿರಿ, ಅವಳಾಗಿಯೇ ಮೂತಿ ಹಾಕಲಿ. ಪಟ್ಟಿ ಬಿಗಿಯುವುದಕ್ಕೆ ಎರಡು ಮೂರು ವಾರ ತೆಗೆದುಕೊಳ್ಳಿ. ಅದನ್ನು ಹಾಕಿದ ನಾಯಿಯನ್ನು ಕಂಡರೆ ಮಂದಿ ತಾವಾಗಿಯೇ ದೂರ ಸರಿಯುತ್ತಾರೆ. ನಮಗೆ ಬೇಕಾದ ಜಾಗ ಹಾಗೂ ಸಿಗುತ್ತದೆ.

ಹಬ್ಬಗಳು ನಮ್ಮ ಕಡೆ ಸದ್ದಿನವು. ಗಣಪತಿ ಕಳಿಸುವ ದಿನದ ಡಿಜೆ, ದೀಪಾವಳಿಯ ಪಟಾಕಿ, ಅದರ ಮೇಲೆ ಹೋಳಿಯ ಹಲಗೆ. ನನಗೆ ಹಲಗೆಯ ಸದ್ದು ಜೀವ. ಕಾಮಣ್ಣನ ಮುಂದೆ ಹಲಗೆ ಬಾರಿಸದ ಹುಬ್ಬಳ್ಳಿಯನ್ನು ಯೋಚಿಸಲೂ ಆರೆ. ಆದರೆ ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಯದು 45,000ದ ಸುತ್ತಮುತ್ತಲಿನವರೆಗೂ ಕೇಳುತ್ತದೆ, ಅದಕ್ಕೆ ಅದು ಎಲ್ಲಿಂದ ಯಾಕೆ ಬರುತ್ತಿದೆ ಎಂದು ತಿಳಿಯುವುದೂ ಇಲ್ಲ. ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆ ಮೊಬೈಲಿನಲ್ಲಿ ಅದೇ ಸದ್ದನ್ನು, ಅವಳ ಕಿವಿ ಅಲುಗುವಷ್ಟೇ ಸಣ್ಣಗೆ ಹಚ್ಚಿ ಊಟ ಹಾಕಿ. ಹಬ್ಬದ ದಿನ ಕಿಟಕಿಯಿಲ್ಲದ ನಡುಮನೆಯಲ್ಲಿ ಗಾದಿ ಹಾಸಿ, ಫ್ಯಾನ್ ಹಚ್ಚಿ, ಯಾರಾದರೊಬ್ಬರು ಜೊತೆಗಿರಿ. ಅಂಜಿ ಮಡಿಲಿಗೆ ಬಂದರೆ ಮೈಮೇಲೆ ಕೈಯಿಡಿ.

ಇಷ್ಟಾದರೂ ಎರಡು ಮೂರು ತಿಂಗಳಲ್ಲಿ ಗೆರೆ ಕದಲದಿದ್ದರೆ, ಅಥವಾ ಮನೆಯೊಳಗೂ ಅವಳಿಗೆ ನಿದ್ದೆ ಹತ್ತದಿದ್ದರೆ, ಔಷಧಿಯ ಮಾತಾಡಬೇಕು. ಫ್ಲುಆಕ್ಸೆಟಿನ್‌ನಂಥ ಅಂಜಿಕೆ ತಗ್ಗಿಸುವ ಔಷಧಿಯ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಒಮ್ಮೆಲೇ ನಿಲ್ಲಿಸಬಾರದು, ಮೆಡಿಕಲ್ ಶಾಪಿನಿಂದ ತಾವೇ ತಂದು ಕೊಡಬಾರದು. ಅದು ನಾಯಿಯನ್ನು ಮಂಕು ಮಾಡುವ ಔಷಧಿ ಅಲ್ಲ. ಒಲೆಯ ಉರಿ ತಗ್ಗಿಸುತ್ತದೆ, ಆಗ ಕಲಿಕೆ ಒಳಗೆ ಇಳಿಯುತ್ತದೆ. ಪಟಾಕಿಗೆಂದು ಕೆಲವರು ಮಂಪರು ತರಿಸುವ ಎಸಿಪ್ರೊಮಜಿನ್ ಒಂದನ್ನೇ ಕೊಡಿಸಿಕೊಂಡು ಬರುತ್ತಾರೆ. ಅದು ಕೈಕಾಲು ಕಟ್ಟುತ್ತದೆ, ಅಂಜಿಕೆ ಒಳಗೆ ಹಾಗೇ ಇರುತ್ತದೆ. ಓಡಲಾಗದೆ ಅಂಜುತ್ತ ಬಿದ್ದಿರುವ ನಾಯಿಯನ್ನು ನೋಡಿ ‘ಆರಾಮ ಮಲಗೈತಿ’ ಎಂದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ನಿಮ್ಮ ಎರಡು ಪ್ರಶ್ನೆಗಳು ಉಳಿದವು. ತಪ್ಪು ನಿಮ್ಮದಲ್ಲ. ಮರಿ ಹುಟ್ಟಿದ ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಅದರ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಕಂಡ ಮಂದಿ, ನಾಯಿ, ಸದ್ದು ಎಲ್ಲ ಅದಕ್ಕೆ ತನ್ನವು. ಬೆಳ್ಳಿ ನಿಮಗೆ ಸಿಕ್ಕಾಗ ಐದು ತಿಂಗಳು, ಆ ಬಾಗಿಲು ಮುಚ್ಚಿ ಆಗಿತ್ತು. ಕೋಲು ಹಿಡಿದವರು, ಹೆಲ್ಮೆಟ್ ಹಾಕಿದವರು ಆ ಐದು ತಿಂಗಳಲ್ಲಿ ಅವಳಿಗೆ ಏನು ಮಾಡಿದ್ದರೋ, ಏನೂ ಮಾಡದೆ ಬರೀ ಅಪರಿಚಿತರಾಗಿಯೇ ಉಳಿದರೋ, ನಾವು ತಿಳಿಯಲಾರೆವು. ಸರಿಹೋಗುತ್ತಾಳೆಯೇ ಎಂದರೆ, ಕೆರೆದಂಡೆಯಲ್ಲಿ ಹತ್ತು ನಾಯಿಗಳ ನಡುವೆ ಬಾಲ ಅಲ್ಲಾಡಿಸುವ ನಾಯಿ ಅವಳಾಗಲಿಕ್ಕಿಲ್ಲ. ನಲವತ್ತು ಹೆಜ್ಜೆಯ ಗೆರೆ ಹನ್ನೆರಡಕ್ಕೆ ಬರಬಹುದು. ಬೊಗಳಿದರೂ ಅರ್ಧ ನಿಮಿಷದಲ್ಲಿ ನಿಮ್ಮ ಕಡೆ ತಿರುಗಬಹುದು. ಬಾಣ ಹನ್ನೆರಡು ವರ್ಷ ಬದುಕಿತು. ಮಾವನ ಕೈ ಹರಿದ ಮೇಲೆ ಇನ್ನೊಬ್ಬರನ್ನು ಕಚ್ಚಲಿಲ್ಲ. ಅದು ಬದಲಾದದ್ದಕ್ಕಿಂತ ನಾವು ಅದಕ್ಕೆ ಜಾಗ ಬಿಡುವುದನ್ನು ಕಲಿತೆವು.

ಹಳ್ಳಿಗೆ ಬಿಟ್ಟು ಬರುವ ಮಾತನ್ನು ಮಾತ್ರ ಮನೆಯಲ್ಲಿ ಮತ್ತೆ ಎತ್ತದಂತೆ ನೋಡಿಕೊಳ್ಳಿ. ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಿರಲಿ, ಅಲ್ಲಿನ ನಾಯಿಗಳ ಗುಂಪು ಅವಳನ್ನು ಒಂದು ರಾತ್ರಿಯೂ ಇರಗೊಡುವುದಿಲ್ಲ. ಕೋಲು ಕಂಡರೆ ಹಾರುವವಳನ್ನು ಊರಿನವರೂ ಬಿಡುವುದಿಲ್ಲ.

ಈ ವಾರ ಮೂರೇ ಕೆಲಸ: ಕಿವಿ ತೋರಿಸಿ, ಚೈನ್ ತೆಗೆಯಿರಿ, ಗೇಟಿಗೆ ಮರೆ ಕಟ್ಟಿ. ವೈದ್ಯರ ಬಳಿ ಹೋಗುವಾಗ ಬೆಳ್ಳಿ ಮೆಟ್ಟಿಲು ಹತ್ತುವ ಒಂದು ಸಣ್ಣ ವಿಡಿಯೋ, ಬದಿಯಿಂದ ತೆಗೆದದ್ದು, ಮೊಬೈಲಿನಲ್ಲಿರಲಿ. ಆಸ್ಪತ್ರೆಯಲ್ಲಿ ಗಾಬರಿಗೆ ನೋವು ಮರೆತು ನೆಟ್ಟಗೆ ನಡೆಯುವ ನಾಯಿಗಳೇ ಹೆಚ್ಚು. ನಾಯಿಗಳ ಸಾಲಿನಲ್ಲಿ ಕೂರಬೇಡಿ, ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡು, ನಿಮ್ಮ ಸರದಿ ಬರುವವರೆಗೆ ಅವಳನ್ನು ಗಾಡಿಯಲ್ಲೋ ಎದುರಿನ ಮರದ ಕೆಳಗೋ ಇರಿಸಿಕೊಳ್ಳಿ. ತಿಂಗಳಾದ ಮೇಲೆ ಕ್ಯಾಲೆಂಡರಿನ ಅಂಕಿಗಳನ್ನು ನನಗೆ ಬರೆದು ಕಳಿಸಿ. ಕಡಿಮೆಯಾಗದಿದ್ದರೂ ಕಳಿಸಿ.